ಇಸ್ತ್ರಿ ಮನೆಯ ತಲೆಸುತ್ತು

ಜನವರಿ 7, ಗುರುವಾರ

ಬೆಳಿಗ್ಗೆ ಇವರು ಇಸ್ತ್ರಿ ಹಾಕುವ ಉದ್ದಣ್ಣನ ಕೆನ್ನೆಗೆ ಬಾರಿಸಿದರು. ಅವನೋ ಬಾಗಿಲಲ್ಲಿ ಬಗ್ಗಿ ಬರುವ ಆಳು, ಇವರು ಅವನ ಎದೆಮಟ್ಟ. ಹೊಡೆಯಲು ಮಣೆ ಹತ್ತಬೇಕಾಯಿತು. ನನಗೆ ನಗು ಬಂತು, ನುಂಗಿಕೊಂಡೆ. ನಕ್ಕಿದ್ದರೆ ಎರಡನೆಯದು ನನಗೇ ಬೀಳುತ್ತಿತ್ತು.

ಅವನ ತಪ್ಪೇನೂ ಇರಲಿಲ್ಲ. ಎದುರಿನ ಹಳೇ ಕಟ್ಟಡ ಕೆಡವುತ್ತಿದ್ದಾರೆ. ಅದರ ಧೂಳು ನಮ್ಮ ಇಸ್ತ್ರಿ ಮನೆಗೆ ನುಗ್ಗಿ, ಹೋಟೆಲಿನ ಬಿಳಿ ಹೊದಿಕೆಗಳ ಮೇಲೆ ಕೂತಿತ್ತು. ಹೋಟೆಲಿನವರು ಇಡೀ ಗಂಟನ್ನು ಅಂಗಳಕ್ಕೆ ಎಸೆದು ಹೋದರು. ಇವರ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ.

ಮಧ್ಯಾಹ್ನ ಇಸ್ತ್ರಿ ಮನೆಯ ಕಿಟಕಿಗಳಿಗೆಲ್ಲ ಹಲಗೆ ಹೊಡೆದರು. ನಾನು ಗಂಜಿ ಕಾಸಿ ಬಿರುಕುಗಳಿಗೆ ಪೇಪರ್ ಅಂಟಿಸಿದೆ, ಸಂದಿಗೆ ಚಿಂದಿ ತುರುಕಿದೆ. ಬಾಗಿಲಿಗೆ ಕಂಬಳಿ ಇಳಿಬಿಟ್ಟೆವು. "ಇನ್ನು ಇರುವೆ ಒಳಗೆ ಬರಬೇಕಾದ್ರೂ ನನ್ನ ಕೇಳ್ಕೊಂಡು ಬರಬೇಕು" ಅಂದರು. ಒಳಗೆ ಇದ್ದಿಲಿನ ಎರಡು ಅಗ್ಗಿಷ್ಟಿಕೆ ಉರಿಯುತ್ತವೆ, ಇಸ್ತ್ರಿ ಪೆಟ್ಟಿಗೆಗಳಲ್ಲಿ ಕೆಂಡ ತುಂಬಿರುತ್ತದೆ. ಈ ಚಳಿಗೆ ಬೆಚ್ಚಗೆ ಹಿತವಾಗಿದೆ.

ಮಗ ಕಟ್ಟಿಕೊಂಡು ಬಂದ ಹುಡುಗಿಗೆ ಇವತ್ತಿನಿಂದ ಆಳುಗಳ ಟೀ ಮಾಡುವ ಕೆಲಸ ಕೊಟ್ಟೆ. ಮಗ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಮನೆ ಕಡೆ ಬರುವುದಿಲ್ಲ, ಇವಳು ಸುಮ್ಮನೆ ಕೂತು ಮಾಡುವುದೇನು? ಅನಾಥಾಶ್ರಮದಲ್ಲಿ ಬೆಳೆದವಳು, ಹಿಂದಿಲ್ಲ ಮುಂದಿಲ್ಲ. ಬಾಯಿ ಮಾತ್ರ ಗಟ್ಟಿ.

ದೇವರೇ, ಇವರ ಕೈಗೆ ಶಾಂತಿ ಕೊಡು.

ಜನವರಿ 11, ಸೋಮವಾರ

ದಿಂಬಿನ ಚೀಲ ಉಜ್ಜುತ್ತಾ ನಿಂತಿದ್ದೆ. ಹಣೆಯೊಳಗೆ ಯಾರೋ ಗೂಟ ಹೊಡೆದ ಹಾಗಾಯಿತು. ಮೇಜು ಒಂದು ಸುತ್ತು ಹಾಕಿತು, ಗೋಡೆ ಇನ್ನೊಂದು ಸುತ್ತು. ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಪೆಟ್ಟಿಗೆ ಕೈ ಜಾರಿ ಬಟ್ಟೆಯ ಮೇಲೆ ಕೂತು ಅಂಗೈಯಗಲ ಸುಟ್ಟಿತು. ಅದೇ ಹೊತ್ತಿಗೆ ಗಂಟು ಹೊತ್ತುಕೊಂಡು ಇವರು ಒಳಗೆ ಬಂದರು.

ಬೆನ್ನಿಗೆ ಬಿತ್ತು. ಅದೇನು ಹೊಸದಲ್ಲ. ಆದರೆ ತಲೆ ತಿರುಗುವಾಗ ಹೊಡೆಸಿಕೊಳ್ಳುವುದು ಬೇರೆಯೇ. ಏಟು ಯಾವ ಕಡೆಯಿಂದ ಬಂತು ಎಂದು ತಿಳಿಯುವುದೇ ಇಲ್ಲ.

ಹುಡುಗಿ ಅಡಿಗೆ ಮನೆಯಿಂದ ಓಡಿ ಬಂದು ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು. "ಅತ್ತೆ, ಏಳಬೇಡಿ, ಹಾಗೇ ಮಲಗಿ. ಮುಖ ಈ ಕಡೆ ಮಾಡಿ, ವಾಂತಿ ಗಂಟಲಿಗೆ ಹೋದೀತು" ಎಂದು ತಲೆ ಹಿಡಿದಳು. ಅವಳ ಕೈ ತಳ್ಳಿದೆ. ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದಳೇ?

ಗಾಳಿಯಲ್ಲಿ ಸ್ವಲ್ಪ ಹೊತ್ತು ಬಿದ್ದುಕೊಂಡ ಮೇಲೆ ಸರಿಹೋಯಿತು. ಮತ್ತೆ ಒಳಗೆ ಹೋದೆ.

ದೇವರೇ, ಇನ್ನೊಂದು ಉಪವಾಸ ಹಿಡಿಯುತ್ತೇನೆ, ಕಾಪಾಡು.

ಜನವರಿ 13, ಬುಧವಾರ

ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು.

"ಬೆಳಿಗ್ಗೆ ಏನು ತಿಂದ್ರಿ?"

"ಉಪವಾಸ."

"ನಿನ್ನೆ?"

"ನಿನ್ನೇನೂ ಉಪವಾಸ. ಸಂಜೆ ಒಂದು ಲೋಟ ಹಾಲು."

"ಹಸ್ಕೊಂಡು ಬೆಂಕಿ ಮುಂದೆ ನಿಂತ್ಕೋ ಅಂತ ದೇವರು ಹೇಳಿದ್ನಾ? ನನ್ನ ಹತ್ರ ಅಂತೂ ಹೇಳಿಲ್ಲಪ್ಪ."

ಒರಟು ಮಾತು, ಆದರೆ ಕೈ ಮೃದು. ತಲೆಸುತ್ತು ತಾನೇ ಒಂದು ಕಾಯಿಲೆಯಲ್ಲವಂತೆ, ಅದು ಇನ್ಯಾವುದರದೋ ಚಾಡಿ ಹೇಳಲು ಬರುವುದಂತೆ. "ಹಸಿವಿಗೂ ಸುತ್ತುತ್ತೆ, ಮೈಯಲ್ಲಿ ನೀರು ಕಮ್ಮಿಯಾದ್ರೂ ಸುತ್ತುತ್ತೆ. ಕೂತವರು ಸರಕ್ಕನೆ ಎದ್ರೆ ಕಣ್ಣು ಕತ್ತಲೆ. ಕಿವಿ ಒಳಗಿನ ಸಮತೋಲ ತಪ್ಪಿದ್ರೆ ಹಾಸಿಗೇಲಿ ಮಗ್ಗುಲು ಬದಲಾಯಿಸಿದ್ರೂ ಮನೆ ಬುಗುರಿ ಆಡುತ್ತೆ. ಸುತ್ತಿದ ಕೂಡ್ಲೇ ಎಲ್ಲಿದ್ದೀರೋ ಅಲ್ಲೇ ಕೂತ್ಕೊಳ್ಳಿ, ಇಲ್ಲ ಮಲಗಿ. ಗೋಡೆ ಹಿಡ್ಕೊಂಡು ಶೂರತನ ತೋರಿಸಬೇಡಿ. ಗುಟುಕು ಗುಟುಕಾಗಿ ನೀರು ಕುಡೀರಿ. ಮಾತು ತೊದಲಿದ್ರೆ, ಬಾಯಿ ಸೊಟ್ಟಗಾದ್ರೆ, ಒಂದು ಕೈ ಎತ್ತಕ್ಕಾಗದೆ ಹೋದ್ರೆ, ಎದೆ ನೋವು ಬಂದ್ರೆ ಮಾತ್ರ ಮನೇಲಿ ಕೂರಬೇಡಿ, ದೊಡ್ಡಾಸ್ಪತ್ರೆಗೆ ಓಡಿ."

ಕುಪ್ಪಸ ಸರಿಸಿ ಬೆನ್ನು ನೋಡಿದರು. "ಇದೇನು?"

"ಬಿದ್ದೆ."

"ಐದು ಬೆರಳು ಇರೋ ನೆಲ ಎಲ್ಲಿದೆ ಅಮ್ಮ? ನಾನೂ ನೋಡಬೇಕು."

ಮನೆಗೆ ಬಂದು ಉಪವಾಸ ಮುರಿದೆ. ದೇವರ ಹತ್ತಿರ ತಪ್ಪಾಯಿತು ಎಂದೆ.

ಜನವರಿ 16, ಶನಿವಾರ

ಹೊಟ್ಟೆ ತುಂಬ ತಿಂದು, ತಂಬಿಗೆ ನೀರು ಕುಡಿದು ಇಸ್ತ್ರಿಗೆ ನಿಂತೆ. ಆದರೂ ತಲೆ ಸುತ್ತಿತು. ನಾನೊಬ್ಬಳೇ ಅಲ್ಲ. ಉದ್ದಣ್ಣ ನಿಂತಲ್ಲಿಂದ ಮರ ಉರುಳಿದ ಹಾಗೆ ಬಿದ್ದ, ಮೇಜಿನ ಅಂಚಿಗೆ ಹಣೆ ಬಡಿದು ರಕ್ತ ಹೊದಿಕೆಯ ಮೇಲೆಲ್ಲ ಚಿಮ್ಮಿತು. ಇನ್ನೊಬ್ಬ ಆಳು ಗೊಣಗ ಮೂಲೆಯಲ್ಲಿ ವಾಂತಿ ಮಾಡಿಕೊಂಡ. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು, ಅಷ್ಟು ಗೊಣಗುತ್ತಾನೆ.

ಬಾಯಿ ಒರೆಸಿಕೊಂಡು ಅವನೇ ಶುರು ಮಾಡಿದ. "ಮೇಸ್ತ್ರಿ, ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ? ಟೀ ಮಾಡೋ ಕೈ ಬದಲಾಯ್ತು ನೋಡಿ. ನಮ್ಮೆಲ್ಲರಿಗೂ ಸುತ್ತುತ್ತೆ, ಆಯಮ್ಮ ಮಾತ್ರ ಗುಂಡುಕಲ್ಲಿನ ಹಾಗೆ ಓಡಾಡ್ತಾಳೆ."

ಇವರು ಕೆಟಲ್ ಎತ್ತಿ, ಲೋಟ ಹಿಡಿದು ನಿಂತಿದ್ದ ಹುಡುಗಿಯ ಕೈ ಮೇಲೆ ಸುರಿದರು. ಅವಳ ಕಿರುಚಾಟಕ್ಕೆ ಎದುರಿನ ಕಟ್ಟಡದ ಕೂಲಿಯವರು ಸುತ್ತಿಗೆ ನಿಲ್ಲಿಸಿ ನೋಡಿದರು.

ನಾನು ಉರುಳಿದ ಲೋಟ ಎತ್ತಿಟ್ಟೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನನಗೂ ಅನುಮಾನ ಇದೆ, ಬರೆಯಲು ಭಯವೇನು.

ದೇವರೇ, ವಿಷ ಹಾಕುವ ಕೈಯನ್ನು ಬಯಲು ಮಾಡು.

ಜನವರಿ 19, ಮಂಗಳವಾರ

ಅವಳನ್ನು ಅಂಗಳದ ನಡುವೆ ಕೂರಿಸಿ, ಅವಳೇ ಕಾಸಿದ ಒಂದು ಕೆಟಲ್ ಟೀಯನ್ನು ಅವಳಿಗೇ ಕುಡಿಸಿದರು. ಗೊಣಗ ಅವಳ ತಲೆ ಒತ್ತಿ ಹಿಡಿದ. ಇವರು ಬಾಯಿಗೆ ಸುರಿದರು. ಉದ್ದಣ್ಣ ಹಣೆಗೆ ಪಟ್ಟಿ ಕಟ್ಟಿಕೊಂಡು ಬೇರೆ ಕಡೆ ನೋಡುತ್ತಾ ನಿಂತಿದ್ದ.

ಅವಳಿಗೆ ಏನೂ ಆಗಲಿಲ್ಲ. ಬಾಯಿ ಒರೆಸಿಕೊಂಡು, "ಸಕ್ಕರೆ ಕಮ್ಮಿಯಾಗಿದೆ ಮಾವ, ನಾಳೆ ಸರಿ ಮಾಡ್ತೀನಿ" ಅಂದಳು.

ಇಕ್ಕಳದಿಂದ ಹೊಡೆದರು. ಕೆಂಡ ಎತ್ತುವ ಕಬ್ಬಿಣದ ಇಕ್ಕಳ. ಹುಬ್ಬು ಸೀಳಿತು. ಎರಡನೇ ಸಲ ಎತ್ತಿದಾಗ ಅವಳು ಕೈ ಅಡ್ಡ ಹಿಡಿದಳು, ಬೆರಳಿನ ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. "ಅವಳಿಗೆ ಅಭ್ಯಾಸ ಇರ್ಬೇಕು ಮೇಸ್ತ್ರಿ, ಹಾವಿಗೆ ತನ್ನ ವಿಷ ಏರುತ್ತಾ?" ಎಂದು ಗೊಣಗ ನಕ್ಕ.

ಬಟ್ಟೆ ಒದ್ದೆ ಮಾಡಿ ಹುಬ್ಬಿಗೆ ಒತ್ತಿ ಹಿಡಿದೆ. ಬಿಗಿಯಾಗಿ ಹಿಡಿದೆ, ರಕ್ತ ನಿಲ್ಲಬೇಕಲ್ಲ.

"ನೀವೂ ನಂಬ್ತೀರಾ ಅತ್ತೆ?"

ಎದ್ದು ಹೋಗಿ ಮಗನಿಗೆ ಫೋನ್ ಮಾಡಿದೆ. ಲಾರಿಯ ಸದ್ದಿನಲ್ಲಿ, "ಅಪ್ಪನಿಗೆ ಎದುರು ಮಾತಾಡಬೇಡ ಅಂತ ಹೇಳಮ್ಮ ಅವಳಿಗೆ, ಎಲ್ಲ ಸರಿಹೋಗುತ್ತೆ" ಎಂದ. ಅಪ್ಪನ ಮಗ.

ಜನವರಿ 20, ಬುಧವಾರ

ತುಂಬ ಬರೆಯಬೇಕು.

ಇವತ್ತು ಬೆಳಿಗ್ಗೆ ದೇವರನ್ನು ನೇರವಾಗಿ ಕೇಳಿಯೇ ಬಿಡೋಣ ಎನಿಸಿತು. ಸೊಸೆಗೆ, "ನಂಗೊಂದು ಲೋಟ ಟೀ ಮಾಡು" ಎಂದೆ. ಅವಳು ಮುರಿದ ಬೆರಳಿಗೆ ಕಡ್ಡಿ ಕಟ್ಟಿಕೊಂಡು ಎಡಗೈಯಲ್ಲಿ ಮಾಡಿಕೊಟ್ಟಳು. ವಿಷವಿದ್ದರೆ ನನ್ನನ್ನು ಕರೆದುಕೋ ಎಂದು ದೇವರಿಗೆ ಹೇಳಿ ಅಂಗಳದ ಕಲ್ಲಿನ ಮೇಲೆ ಕೂತು ಪೂರ್ತಿ ಕುಡಿದೆ. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದೆ. ಹೊತ್ತು ಏರಿತು. ತಲೆ ಸುತ್ತಲಿಲ್ಲ, ಹೊಟ್ಟೆ ತೊಳಸಲಿಲ್ಲ. ಟೀ ಚೆನ್ನಾಗಿಯೇ ಇತ್ತು.

ಆಗ ಇಸ್ತ್ರಿ ಮನೆಯ ಕಂಬಳಿ ಸರಿಸಿಕೊಂಡು ಗೊಣಗ ತೆವಳುತ್ತಾ ಹೊರಗೆ ಬಂದು ಹೊಸಿಲ ಮೇಲೇ ಕಕ್ಕಿದ. ಅವನು ಶನಿವಾರದಿಂದ ನಮ್ಮ ಮನೆಯ ಟೀ ಮುಟ್ಟಿಲ್ಲ. ತನ್ನ ಮನೆಯಿಂದಲೇ ನೀರು ತರುತ್ತಾನೆ.

ಕುಡಿದವಳು ನಾನು, ಬಿದ್ದವನು ಅವನು. ಇದು ಯಾವ ಲೆಕ್ಕ?

ಚಪ್ಪಲಿಯನ್ನೂ ಹಾಕಿಕೊಳ್ಳದೆ ನರ್ಸಮ್ಮನ ಹತ್ತಿರ ಹೋದೆ. ಎಲ್ಲ ಕೇಳಿಕೊಂಡು, "ಹೊರಗೆ ಬಂದ್ರೆ ಸರಿಹೋಗುತ್ತಾ?" ಎಂದರು. ಹೋಗುತ್ತದೆ ಎಂದೆ. "ರಜೆ ದಿನ ಯಾರಿಗಾದ್ರೂ ಸುತ್ತಿತ್ತಾ?" ಇಲ್ಲ. "ಒಂದೇ ಕೋಣೇಲಿ ಎಲ್ಲರಿಗೂ ಒಟ್ಟಿಗೆ?" ಹೌದು. "ಕಿಟಕಿ ಹೇಗಿದೆ?" ಹಲಗೆ, ಪೇಪರು, ಚಿಂದಿ ಎಲ್ಲ ಹೇಳಿದೆ. ಅವರು ಎದ್ದೇ ನಿಂತರು.

"ಅಯ್ಯೋ ನಿಮ್ಮ! ಇದ್ದಿಲು ಉರಿದಾಗ ಒಂದು ಕೆಟ್ಟ ಗಾಳಿ ಬರುತ್ತಮ್ಮ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊರಗೆ ಹೋಗಕ್ಕೆ ದಾರಿ ಇಲ್ದಿದ್ರೆ ನಿಮ್ಮ ರಕ್ತದೊಳಗೆ ಹೋಗಿ ಕೂರುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ನಿದ್ದೆ, ಆಮೇಲೆ ಏಳೋದೇ ಇಲ್ಲ. ಓಡಿ, ಬೆಂಕಿ ಹೊರಗೆ ಹಾಕ್ಸಿ, ಕಿಟಕಿ ತೆಗೀರಿ. ಯಾರಾದ್ರೂ ಬಿದ್ದಿದ್ರೆ ಮೊದಲು ಗಾಳಿಗೆ ತನ್ನಿ."

ಓಡಿದೆ. ಅಂಗಳದಲ್ಲಿ ಇವರು, ಗೊಣಗ, ಉದ್ದಣ್ಣ ಮೂವರೂ ಹೊರಗೇ ನಿಂತಿದ್ದರು. ಇಸ್ತ್ರಿ ಮನೆಗೆ ಬೀಗ ಹಾಕಿತ್ತು.

"ಅವಳೆಲ್ಲಿ?"

"ಒಳಗೆ" ಎಂದರು ಇವರು. "ಬಾಯಿ ಬಿಡೋವರೆಗೂ ಅಲ್ಲೇ ಇರ್ಲಿ. ಆಗ್ಲಿಂದ ಬಾಗ್ಲು ಬಡೀತಾ ಇದ್ಲು, ಈಗ ಸುಮ್ಮನಾಗಿದ್ದಾಳೆ. ದಾರಿಗೆ ಬರ್ತಿದ್ದಾಳೆ."

"ಬೆಂಕಿ?"

"ಬೆಂಕಿ ಯಾಕೆ ಆರಿಸ್ಲಿ? ಗಂಟು ಬಿದ್ದಿಲ್ವಾ?"

ಬೀಗದ ಕೈ ಕೊಡಿ ಎಂದೆ. ಕೊಡಲಿಲ್ಲ. ಮತ್ತೆ ಕೇಳಿದೆ. ಮುಖಕ್ಕೆ ಹೊಡೆದರು. ನೆಲದ ಮೇಲೆ ಇಕ್ಕಳ ಬಿದ್ದಿತ್ತು, ಎತ್ತಿಕೊಂಡೆ. ಬೀಗದ ಕೈ ಹಿಡಿದಿದ್ದ ಮಣಿಕಟ್ಟಿಗೆ ಹೊಡೆದೆ. ಒಂದೇ ಏಟು, ಸೌದೆ ಸೀಳುವ ಹಾಗೆ. ಇವರು ಕೂತುಬಿಟ್ಟರು. ಉದ್ದಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದ. "ನೋಡ್ತೀಯೇನೋ? ಹಲಗೆ ಕೀಳು!" ಎಂದು ಕೂಗಿದೆ. ಅವನು ಕಿತ್ತ. ಬಿದ್ದ ಬೀಗದ ಕೈ ಎತ್ತಿ ನಾನು ಬಾಗಿಲು ತೆಗೆದೆ.

ಸೊಸೆ ಬಾಗಿಲ ಬುಡದಲ್ಲೇ ಮುದುರಿ ಬಿದ್ದಿದ್ದಳು. ಉಗುರು ಕಿತ್ತು ಬಾಗಿಲ ತುಂಬ ರಕ್ತದ ಗೀರು. ಕಾಲು ಹಿಡಿದು ಅಂಗಳಕ್ಕೆ ಎಳೆದೆ, ಮಗ್ಗುಲಾಗಿ ಮಲಗಿಸಿದೆ. ಗೊಣಗ ಬಾಯಿಗೆ ನೀರು ಹಾಕಲು ಬಂದ, ಎಚ್ಚರ ಇಲ್ಲದವರಿಗೆ ನೀರು ಹಾಕುತ್ತಾರೇನೋ ಎಂದು ಚೊಂಬನ್ನು ಒದ್ದೆ. ಉಸಿರಿತ್ತು, ದಾರದಷ್ಟು. ಉದ್ದಣ್ಣ ಹೆಗಲ ಮೇಲೆ ಹಾಕಿಕೊಂಡು ಓಡಿದ. ಕೇಂದ್ರದಲ್ಲಿ ಮೂಗಿಗೆ ಆಮ್ಲಜನಕ ಇಟ್ಟು ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಕತ್ತಲಾಗುವ ಹೊತ್ತಿಗೆ ಕಣ್ಣು ಬಿಟ್ಟಳು.

ನಾನು ಹಾಕಿದ ಏಟಿಗೆ ದೇವರು ಕ್ಷಮಿಸಲಿ. ಬಟ್ಟೆ ಒಣಗಿಸುವುದು ಮರೆತೆ.

ಜನವರಿ 22, ಶುಕ್ರವಾರ

ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆ. ನನ್ನ ಕೋಣೆಯಲ್ಲಿ ಮಲಗಿಸಿದ್ದೇನೆ.

ಇವರು ನನಗೆ ಎಡಗೈಯಲ್ಲಿ ಹೊಡೆದರು, ಬಲಗೈ ಊದಿದೆ. ಒಂದು ಹಲ್ಲು ಹೋಯಿತು.

ಜನವರಿ 23, ಶನಿವಾರ

ಉದ್ದಣ್ಣ ಇನ್ನು ಬರುವುದಿಲ್ಲ ಎಂದ. "ಕಿಟಕಿ ತೆಗೆದಿಟ್ರೆ ಬರ್ತೀನಿ ಮೇಸ್ತ್ರಿ, ಇಲ್ದಿದ್ರೆ ನಿಮ್ಮ ಇಸ್ತ್ರಿ ನಿಮಗೆ." ಗೊಣಗನೂ ಅವನ ಹಿಂದೆ ಹೋದ. ಹೋಗುವಾಗ ನನ್ನ ಮಗಳ ಮುಖ ನೋಡದೆ, "ತಪ್ಪಾಯ್ತಮ್ಮ" ಎಂದು ಗೋಡೆಗೆ ಹೇಳಿದ. "ಗೋಡೆ ಕ್ಷಮಿಸ್ತಂತೆ, ಹೋಗಿ" ಎಂದಳು ಅವಳು. ಹುಬ್ಬಿಗೆ ಹೊಲಿಗೆ ಬಿದ್ದರೂ ಬಾಯಿ ಹಾಗೇ ಇದೆ.

ಇವರು ದಿನವಿಡೀ ಹಲಗೆಗಳನ್ನು ವಾಪಸು ಹೊಡೆದರು. ಒಂದೇ ಕೈಯಲ್ಲಿ.

ಜನವರಿ 24, ಭಾನುವಾರ

ಮಧ್ಯಾಹ್ನ ಊಟದ ತಟ್ಟೆಯನ್ನು ಗೋಡೆಗೆ ಎಸೆದರು. ಮಗಳ ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ತಂದರು. ನಾನು ಅಡ್ಡ ಬಂದೆ, ತಳ್ಳಿದರು, ಕಲ್ಲಿಗೆ ಮೊಣಕೈ ಬಡಿಯಿತು.

"ಗಾಳಿಯಂತೆ, ವಿಷವಂತೆ! ಮೂವತ್ತು ವರ್ಷ ಇದೇ ಇದ್ದಿಲಲ್ಲಿ ಬದುಕಿದ್ದೀನಿ" ಎಂದು ಕೂಗಿದರು. ಆಗೆಲ್ಲ ಕಿಟಕಿ ತೆರೆದಿರುತ್ತಿತ್ತು, ಇವರು ಗಂಟು ಹೊತ್ತು ಬೀದಿ ಸುತ್ತುತ್ತಿದ್ದರು, ಒಳಗೆ ಬೇಯುತ್ತಿದ್ದವರು ನಾವು. ಹೇಳಿದೆ. ಕೇಳಿಸಿಕೊಳ್ಳಲಿಲ್ಲ. "ಈಗ ಎರಡೂ ಅಗ್ಗಿಷ್ಟಿಕೆ ಹಚ್ಕೊಂಡು ಒಳಗೆ ಕೂರ್ತೀನಿ. ನನ್ನ ಕಾಲಮೇಲೆ ನಾನು ಹೊರಗೆ ಬಂದ್ರೆ, ಈ ಹಾದರಗಿತ್ತಿ ಬೀದಿಗೆ, ಅವಳ ಹಿಂದೆ ನೀನೂ. ಹೋಗೋಕೆ ಮುಂಚೆ ಇಬ್ಬರ ಕೈಯನ್ನೂ ಮುರಿದು ಕಳಿಸ್ತೀನಿ."

ಬೇಡ ಎಂದೆ. ಕಾಲು ಹಿಡಿದೆ, ಅದನ್ನೂ ಬರೆದಿಡುತ್ತೇನೆ. ಒದ್ದು ಒಳಗೆ ಹೋದರು. ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.

ನಾವಿಬ್ಬರೂ ಅಂಗಳದ ಕಲ್ಲಿನ ಮೇಲೆ ಕೂತೆವು. ಮೊದಮೊದಲು ಒಳಗಿನಿಂದ ಬೈಗುಳ ಬರುತ್ತಿತ್ತು. ನನ್ನ ಅಪ್ಪನಿಗೆ, ಅಮ್ಮನಿಗೆ, ಮಗಳ ಹುಟ್ಟಿಗೆ. "ಕೇಳಿಸ್ತಿದೆಯೇನೇ? ನನಗೇನಾಗಿದೆ?" ಎಂದು ನಕ್ಕರು. ಆಮೇಲೆ ಒಂದೊಂದೇ ಮಾತು. ಆಮೇಲೆ ಕೆಮ್ಮು, ವಾಂತಿಯ ಸದ್ದು. ಬಾಗಿಲಿಗೆ ಏನೋ ಬಂದು ತಾಗಿತು, ಮೆಲ್ಲಗೆ.

ನಾನು ಏಳಲು ಹೊರಟೆ. ಮಗಳು ನನ್ನ ಸೆರಗು ಹಿಡಿದುಕೊಂಡಳು.

"ತೆಗೀಬೇಡಿ ಅತ್ತೆ."

ಅವಳ ಕೈಯಲ್ಲಿ ಉಗುರುಗಳಿರಲಿಲ್ಲ. ಪ್ರಾರ್ಥನೆಯ ಹೊತ್ತಾಗಿತ್ತು. ಕೂತು ಕೈ ಜೋಡಿಸಿ ಕಣ್ಣು ಮುಚ್ಚಿದೆ.

ಮೊದಲು ತೀರಿಕೊಂಡ ಅಪ್ಪ ಅಮ್ಮ, ಅತ್ತೆ ಮಾವ. ಆಮೇಲೆ ಲಾರಿಯಲ್ಲಿರುವ ಮಗ. ಪಕ್ಕದಲ್ಲಿ ಕೂತಿರುವ ಮಗಳು, ಅವಳ ಬೆರಳು, ಅವಳ ಹುಬ್ಬು. ಉದ್ದಣ್ಣನ ಹಣೆ, ಗೊಣಗನ ಹೊಟ್ಟೆ, ಅವರವರ ಹೆಂಡತಿ ಮಕ್ಕಳು. ನರ್ಸಮ್ಮ. ಹೋಟೆಲಿನವರು, ಆ ಹೊದಿಕೆಗಳ ಮೇಲೆ ಮಲಗುವವರು. ಎದುರಿನ ಕಟ್ಟಡದ ಕೂಲಿಯವರು. ದಾರಿಯಲ್ಲಿರುವವರು, ಆಸ್ಪತ್ರೆಯಲ್ಲಿರುವವರು, ಸಮುದ್ರದ ಮೇಲಿರುವವರು. ಒಳಗೆ ಭಾರವಾದದ್ದೇನೋ ಬಿದ್ದಿತು. ಪ್ರಾರ್ಥನೆಯ ನಡುವೆ ಕಣ್ಣು ಬಿಡಬಾರದು. ಜೈಲಿನಲ್ಲಿರುವವರು. ಹಸಿದವರು, ಹಾಸಿಗೆ ಹಿಡಿದವರು, ತಾಯಿಯಿಲ್ಲದ ಮಕ್ಕಳು. ಯಾರನ್ನೂ ಬಿಡಬಾರದು ಎನಿಸಿತು. ಕೊನೆಯಲ್ಲಿ ಇವರು. ಇವರ ಕೈಗೆ ಶಾಂತಿ ಕೊಡು ಎಂದು ಕೇಳಿಕೊಂಡೆ.

ಕಣ್ಣು ಬಿಟ್ಟಾಗ ಅಂಗಳದ ಬಿಸಿಲು ಗೋಡೆ ಹತ್ತಿ ಹೋಗಿತ್ತು. ನಿಧಾನವಾಗಿ ಎದ್ದೆ. ಕೊಡಲಿ ತಂದು ಕಿಟಕಿಯ ಹಲಗೆ ಒಡೆದೆ. ಚಿಂದಿ, ಪೇಪರು, ಎಲ್ಲ ಕಿತ್ತೆ. ಒಳಗಿನ ಬಿಸಿಗಾಳಿ ಹೋಗಲೆಂದು ಪಕ್ಕಕ್ಕೆ ನಿಂತೆವು. ಆಮೇಲೆ ಮಗಳೇ ಕಿಟಕಿಯಲ್ಲಿ ಕೈ ತೂರಿಸಿ ಚಿಲಕ ತೆಗೆದಳು. ಇಬ್ಬರೂ ಒಂದೊಂದು ಕಾಲು ಹಿಡಿದು ಇವರನ್ನು ಹೊರಗೆ ಎಳೆದೆವು. ಮಗ್ಗುಲಾಗಿ ಮಲಗಿಸಿ, ಬಾಯಿ ಒರೆಸಿ, ಆಂಬುಲೆನ್ಸಿಗೆ ಫೋನ್ ಮಾಡಿದೆ.

ಜನವರಿ 26, ಮಂಗಳವಾರ

ಇವರು ಬದುಕಿದ್ದಾರೆ. ದೊಡ್ಡಾಸ್ಪತ್ರೆಯ ಮೂಲೆಯ ಹಾಸಿಗೆ. ಕಣ್ಣು ತೆರೆದಿದೆ, ಮಾತಿಲ್ಲ. ನೀರು ಬೇಕೇ ಎಂದರೆ ಚಾವಣಿಯ ಕಡೆ ನೋಡುತ್ತಾರೆ. ಕೈಗಳು ಹೊದಿಕೆಯ ಮೇಲೆ ಬಿದ್ದಿವೆ, ಯಾರೋ ಅಲ್ಲಿ ಇಟ್ಟು ಮರೆತುಹೋದ ಹಾಗೆ. ಮಿದುಳಿಗೆ ಪೆಟ್ಟಾಗಿದೆ, ಎಷ್ಟು ವಾಪಸು ಬರುತ್ತದೋ ಹೇಳಲಾಗದು ಎಂದರು ಡಾಕ್ಟರು.

ಮಗಳು ಮನೆಯಿಂದ ಅನ್ನ ಸಾರು ತಂದಿದ್ದಳು. ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದೆವು. ಹಲ್ಲಿಲ್ಲದ ಕಡೆ ಅಗಿಯಲು ಕಷ್ಟ. ಉದ್ದಣ್ಣ ಇಸ್ತ್ರಿ ಮನೆಯ ಕಿಟಕಿಗಳಿಗೆ ಹಲಗೆಯ ಬದಲು ಬಲೆ ಹೊಡೆಯುತ್ತಿದ್ದಾನಂತೆ. ನಿನ್ನೆ ಒಳ್ಳೆಯ ನಿದ್ದೆ ಬಂತು.

ನಮ್ಮ ಕೇಂದ್ರದ ನರ್ಸಮ್ಮ ನೋಡಲು ಬಂದಿದ್ದರು. ಇವರ ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ನಿಂತು, ನನ್ನನ್ನು ಹೊರಗೆ ಕರೆದರು.

"ಬಾಗ್ಲು ಒಡೆಯೋದು ತಡ ಆಯ್ತಾ ಅಮ್ಮ?"

"ಇಲ್ಲ. ಪ್ರಾರ್ಥನೆ ಮುಗಿದ ಕೂಡ್ಲೇ ಎದ್ದೆ."

"ಯಾವ ಪ್ರಾರ್ಥನೆ?"

"ದಿನಾ ಮಾಡೋದೇ" ಎಂದೆ.

ನರ್ಸಮ್ಮ ನನ್ನ ಮುಖ ನೋಡಿದರು. ಮಗಳ ಕೈಗೆ ಕಟ್ಟಿದ ಪಟ್ಟಿ ನೋಡಿದರು. ಮತ್ತೇನೂ ಕೇಳಲಿಲ್ಲ.